ಒತ್ತೆಯ ಐದು ದಿನಗಳು: ‘ಕ್ಯಾಪ್ಟನ್ ಫಿಲಿಪ್ಸ್’ ಚಿತ್ರವನ್ನು ಕುರಿತು

ಮಾನ್ಯ ಸಭಿಕರೆ,

2009ರ ಏಪ್ರಿಲ್ 8ರಂದು ಕೀನ್ಯಾದ ಮೊಂಬಾಸಾ ಬಂದರಿನತ್ತ ಸಾಗುತ್ತಿದ್ದ ‘ಮೇರ್ಸ್ಕ್ ಅಲಬಾಮಾ’ ಎಂಬ ಅಮೆರಿಕದ ಸರಕು ಹಡಗನ್ನು ಸೊಮಾಲಿಯಾದ ನಾಲ್ವರು ಕಡಲ್ಗಳ್ಳರು ಹತ್ತಿದರು. ಹಡಗಿನಲ್ಲಿ 20 ಮಂದಿ ಸಿಬ್ಬಂದಿಯಿದ್ದರು. ಸರಕಿನಲ್ಲಿ ಪೂರ್ವ ಆಫ್ರಿಕದ ಹಸಿದವರಿಗೆಂದು ಕಳುಹಿಸಿದ್ದ ನೆರವಿನ ಆಹಾರವೂ ಸೇರಿತ್ತು. ಹಡಗು ಪೂರ್ಣವಾಗಿ ಕೈವಶವಾಗದಿದ್ದಾಗ ಅವರು ಕಪ್ತಾನ ರಿಚರ್ಡ್ ಫಿಲಿಪ್ಸ್ ಅವರನ್ನು ಒತ್ತೆಯಾಳಾಗಿಸಿಕೊಂಡು ಹಡಗಿನದೇ ಲೈಫ್‌ಬೋಟಿನಲ್ಲಿ ಹೊರಟರು. ಏಪ್ರಿಲ್ 12ರಂದು ಅಮೆರಿಕದ ನೌಕಾಪಡೆಯ ಗುರಿಕಾರರು ಮೂವರನ್ನು ಕೊಂದು ಕಪ್ತಾನರನ್ನು ಬಿಡಿಸಿದರು. ಬದುಕುಳಿದ ನಾಲ್ಕನೆಯವನಾದ ಮೂಸೆಗೆ 2011ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಸುಮಾರು 34 ವರ್ಷಗಳ ಸೆರೆವಾಸ ವಿಧಿಸಿತು.

ಇದಿಷ್ಟೂ ಪತ್ರಿಕೆಗಳಲ್ಲಿ ಬಂದಾಗಿತ್ತು. ಹಾಗಿದ್ದೂ 2013ರಲ್ಲಿ ಪಾಲ್ ಗ್ರೀನ್‌ಗ್ರಾಸ್ ನಿರ್ದೇಶಿಸಿದ ಚಿತ್ರವನ್ನು ನೋಡುವವರು ಕುರ್ಚಿಯ ತುದಿಗೆ ಸರಿಯುತ್ತಾರೆ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ತಿಳಿದೂ ಬೆಳಗಿನವರೆಗೆ ಆಟ ನೋಡುವ ನಮಗೆ ಇದು ಹೊಸತೇನಲ್ಲ. ಏನಾಗುತ್ತದೆ ಎಂಬುದಕ್ಕಿಂತ ಹೇಗಾಗುತ್ತದೆ ಎಂಬುದೇ ಇಲ್ಲಿ ಬಿಗುವನ್ನು ಹುಟ್ಟಿಸುತ್ತದೆ.

ಈ ‘ಹೇಗೆ’ ಎಂಬುದನ್ನು ನಿರ್ದೇಶಕರು ಕೆಲಸದ ವಿವರಗಳಿಂದ ಕಟ್ಟುತ್ತಾರೆ. ಕಪ್ತಾನ ಬೀಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ. ಕಳ್ಳರು ಕೇಳಿಸಿಕೊಳ್ಳಲೆಂದೇ ರೇಡಿಯೊದಲ್ಲಿ ನೌಕಾಪಡೆಯ ದನಿಯನ್ನೂ ತಾನೇ ನಟಿಸಿ ಮಾತನಾಡುತ್ತಾನೆ. ದೀಪವಾರಿಸಿದ ಎಂಜಿನ್ ಕೊಠಡಿಯ ಬಾಗಿಲಲ್ಲಿ ಸಿಬ್ಬಂದಿ ಗಾಜಿನ ಚೂರುಗಳನ್ನು ಹರಡಿಟ್ಟಿರುತ್ತಾರೆ. ಬಂದೂಕು ಹಿಡಿದು ಬರುವ ಕಳ್ಳರಲ್ಲಿ ಎಲ್ಲರಿಗಿಂತ ಚಿಕ್ಕವನ ಕಾಲಲ್ಲಿ ಚಪ್ಪಲಿಯೂ ಇಲ್ಲ. ಅವನ ಅಂಗಾಲು ಸೀಳಿದಾಗ ಭಯದ ಜೊತೆಗೇ ಮರುಕವೂ ಹುಟ್ಟುತ್ತದೆ. ಇಡೀ ಚಿತ್ರದ ನಿಲುವು ಆ ಒಂದು ಕ್ಷಣದಲ್ಲಿದೆಯೆಂದು ನನ್ನ ಎಣಿಕೆ.

ಎರಡನೆಯ ಉಪಾಯವೆಂದರೆ ಜಾಗವನ್ನು ಕಿರಿದುಗೊಳಿಸುತ್ತ ಹೋಗುವುದು. ನೂರೈವತ್ತು ಮೀಟರಿಗೂ ಮಿಕ್ಕ ಉದ್ದದ ಹಡಗಿನಲ್ಲಿ ಆರಂಭವಾದ ಕಥೆ, ಐವರು ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುವಂತೆ ಕುಳಿತ, ಮುಚ್ಚಿದ ಲೈಫ್‌ಬೋಟಿಗೆ ಇಳಿಯುತ್ತದೆ. ಹೊರಗೆ ಯುದ್ಧನೌಕೆಗಳು ದೊಡ್ಡದಾಗುತ್ತ ಹೋದಷ್ಟೂ ಒಳಗೆ ಮನುಷ್ಯರು ಚಿಕ್ಕವರಾಗುತ್ತಾರೆ.

ಕಪ್ತಾನನ ಪಾತ್ರ ವಹಿಸಿದ ಟಾಮ್ ಹ್ಯಾಂಕ್ಸ್ ಎದುರು ಕಳ್ಳರಾಗಿ ನಿಂತ ನಾಲ್ವರೂ ಮಿನಿಯಾಪೊಲಿಸ್ ನಗರದ ಸೊಮಾಲಿ ಸಮುದಾಯದವರು, ಚಿತ್ರನಟನೆಗೆ ಹೊಸಬರು. ಅವರು ಹಡಗಿನ ಚಾಲನಾ ಕೊಠಡಿಗೆ ನುಗ್ಗುವ ದೃಶ್ಯದ ಚಿತ್ರೀಕರಣದವರೆಗೂ ಹ್ಯಾಂಕ್ಸ್ ಅವರನ್ನು ಭೇಟಿಯಾಗದಂತೆ ನಿರ್ದೇಶಕರು ನೋಡಿಕೊಂಡಿದ್ದರು. ಮೂಸೆಯ ಪಾತ್ರ ವಹಿಸಿದ ಬರ್ಖಾದ್ ಅಬ್ದಿ ಅವರಿಗೆ ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ಟಾ ಬಂತು, ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ಕೊನೆಯಲ್ಲಿ ಬಿಡುಗಡೆಯಾದ ಕಪ್ತಾನನನ್ನು ಪರೀಕ್ಷಿಸುವಾಕೆ ನಟಿಯಲ್ಲ, ನೌಕಾಪಡೆಯ ನಿಜವಾದ ವೈದ್ಯಕೀಯ ಸಿಬ್ಬಂದಿ. ಆಕೆ ತನ್ನ ನಿತ್ಯದ ಪ್ರಶ್ನೆಗಳನ್ನು ಶಾಂತವಾಗಿ ಕೇಳುತ್ತ ಹೋಗುತ್ತಾಳೆ, ಅಷ್ಟು ಹೊತ್ತು ತಡೆದುಕೊಂಡಿದ್ದವನ ಬಾಯಿಂದ ಮಾತೇ ಹೊರಡುವುದಿಲ್ಲ. ಗೆಲುವಿನ ಸಂಗೀತ ಮೊಳಗಬಹುದಾಗಿದ್ದ ಕಡೆ ನಡುಗುವ ದೇಹವನ್ನಷ್ಟೇ ತೋರಿಸಿದ್ದು ದೊಡ್ಡ ಸಂಯಮ.

ಆದರೆ ನಿಜ ಘಟನೆ ಎಂಬ ಹಣೆಪಟ್ಟಿಯನ್ನು ಪೂರ್ತಿ ಒಪ್ಪುವಂತಿಲ್ಲ. ಚಿತ್ರದ ಆಧಾರ ಕಪ್ತಾನರದೇ ಪುಸ್ತಕ. ಸೊಮಾಲಿಯಾದ ಕರಾವಳಿಯಿಂದ 600 ಮೈಲಿ ದೂರವಿರಬೇಕೆಂಬ ಎಚ್ಚರಿಕೆಯನ್ನು ಅವರು ಕಡೆಗಣಿಸಿದರೆಂದು ಸಿಬ್ಬಂದಿಯಲ್ಲಿ ಕೆಲವರು ಆರೋಪಿಸಿದರು. ಹಡಗಿನ ಕಂಪನಿಯ ವಿರುದ್ಧ ಮೊಕದ್ದಮೆಯನ್ನೂ ಹೂಡಿದರು. ಎಲ್ಲರ ಧೈರ್ಯವೂ ಒಬ್ಬನ ಲೆಕ್ಕಕ್ಕೆ ಜಮೆಯಾಗುವುದು ಇಂಥ ಚಿತ್ರಗಳ ಹಳೆಯ ರೋಗ.

ಇದಕ್ಕಿಂತಲೂ ನನ್ನನ್ನು ಕಾಡುವ ಮಾತು ಬೇರೆಯಿದೆ. ಐದು ದಿನಗಳಲ್ಲಿ ಮುಗಿದ ಒತ್ತೆ ಅಪರೂಪದ್ದು. ಬಹುಪಾಲು ನಾವಿಕರ ಪಾಲಿಗೆ ಕಡಲ್ಗಳ್ಳತನವೆಂದರೆ ತಿಂಗಳುಗಟ್ಟಲೆ ನಡೆಯುವ ಒತ್ತೆಹಣದ ಚೌಕಾಸಿ. 2012ರ ಡೆನ್ಮಾರ್ಕಿನ ಚಿತ್ರ ‘ಎ ಹೈಜ್ಯಾಕಿಂಗ್’ ಆ ಕಾಯುವಿಕೆಯನ್ನೇ ವಸ್ತುವಾಗಿಸಿಕೊಂಡಿತು. ಹಿಂದೊಮ್ಮೆ ನಿಜವಾಗಿಯೇ ಅಪಹರಣಕ್ಕೊಳಗಾಗಿದ್ದ ‘ರೋಜ಼ೆನ್’ ಎಂಬ ಹಡಗಿನಲ್ಲಿ ಅದರ ಚಿತ್ರೀಕರಣ ನಡೆಯಿತು.

ನಮಗೂ ಇದು ದೂರದ ಸಂಗತಿಯಲ್ಲ. 2010ರಲ್ಲಿ ಹಡಗು ಉದ್ಯಮವು ಕಡಲ್ಗಳ್ಳರ ದಾಳಿಯ ಹೆಚ್ಚಿನ ಅಪಾಯದ ವಲಯವನ್ನು ಪೂರ್ವಕ್ಕೆ 78ನೇ ರೇಖಾಂಶದವರೆಗೆ ವಿಸ್ತರಿಸಿದಾಗ ಮಂಗಳೂರು, ಕಾರವಾರಗಳ ಮುಂದಿನ ಕಡಲೂ ಆ ನಕ್ಷೆಯೊಳಗೆ ಸೇರಿತು. ಗೆರೆ 65ಕ್ಕೆ ಹಿಂದೆ ಸರಿದದ್ದು 2015ರ ಡಿಸೆಂಬರಿನಲ್ಲಿ. ಅದೇ 2010ರಲ್ಲಿ ಅಪಹರಣವಾದ ‘ಆಸ್ಫಾಲ್ಟ್ ವೆಂಚರ್’ ಹಡಗಿನಲ್ಲಿ 15 ಭಾರತೀಯರಿದ್ದರು. 2011ರ ಏಪ್ರಿಲ್‌ನಲ್ಲಿ ಹಣ ಪಡೆದ ಕಳ್ಳರು ಹಡಗನ್ನು ಬಿಟ್ಟರೂ ಏಳು ಮಂದಿಯನ್ನು ತಡೆದಿಟ್ಟುಕೊಂಡರು. ಭಾರತೀಯ ನೌಕಾಪಡೆ ಬಂಧಿಸಿದ್ದ ತಮ್ಮವರನ್ನು ಬಿಡಬೇಕೆಂಬುದು ಅವರ ಬೇಡಿಕೆ. ಆ ಏಳು ಮಂದಿಗೆ ಬಿಡುಗಡೆಯಾದದ್ದು 2014ರ ಅಕ್ಟೋಬರ್ ಕೊನೆಯಲ್ಲಿ. ಐದು ದಿನಗಳನ್ನು ಅಷ್ಟು ಸೊಗಸಾಗಿ ಹಿಡಿದ ಗ್ರೀನ್‌ಗ್ರಾಸರ ಧಾವಿಸುವ ಕ್ಯಾಮೆರಾಕ್ಕೆ ಈ ನಾಲ್ಕು ವರ್ಷಗಳ ಕಥೆ ಒಗ್ಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.