ಸೊಪ್ಪಿನ ಬೆಟ್ಟದಲ್ಲಿ ಪೊಟರೆ ಮರವೂ ಇರಲಿ

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಒಂದು ಸೊಪ್ಪಿನ ಬೆಟ್ಟಕ್ಕೆ ಬಂದಿದ್ದೇನೆ. ಕೆಳಗೆ ಕಾಣುವ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಹೋಗುವುದು ಇಲ್ಲಿಂದಲೇ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು.

ಈ ಮತ್ತಿ ಮರ ನೋಡಿ. ಸೊಪ್ಪು ಕಡಿದಿದ್ದಾರೆ, ಆದರೆ ತುದಿ ಮುಟ್ಟಿಲ್ಲ. ಹಾಗಾಗಿ ಮರ ಮೇಲಕ್ಕೆ ಬೆಳೆಯುತ್ತದೆ, ಹೂ ಬಿಡುತ್ತದೆ, ಬೀಜ ಉದುರಿಸುತ್ತದೆ. ಪಕ್ಕದ್ದನ್ನು ಪೂರ್ತಿ ಬೋಳಿಸಿದ್ದಾರೆ. ಅದು ಮತ್ತೆ ಚಿಗುರುತ್ತದೆ ನಿಜ. ಆದರೆ ಚಿಗುರಿದ್ದನ್ನೆಲ್ಲ ಪ್ರತಿ ವರ್ಷ ಕಡಿಯುತ್ತಿದ್ದರೆ ಬೀಜ ಬಿಡುವುದು ಯಾವಾಗ?

ಬೇಸಿಗೆಗೆ ಮುಂಚೆ ದರಕು ಗುಡಿಸಿ ಕೊಟ್ಟಿಗೆಗೆ ಹಾಸುತ್ತಾರೆ. ಸಗಣಿ ಸೇರಿ ಒಳ್ಳೆಯ ಗೊಬ್ಬರ ಆಗುತ್ತದೆ. ಅದು ಬೇಕು, ಅಲ್ವಾ? ಆದರೆ ನೆಲ ಬರಿದಾಗುವ ಹಾಗೆ ಗುಡಿಸಿದರೆ ಮೊದಲ ಮಳೆಗೇ ಮಣ್ಣು ಹಳ್ಳ ಸೇರುತ್ತದೆ. ಮುರುಗಲು, ಉಪ್ಪಾಗೆಯ ಎಳೆ ಸಸಿಗಳೂ ಕಿತ್ತು ಬರುತ್ತವೆ. ನನ್ನ ಕೇಳಿದರೆ, ಬೆಟ್ಟದ ಒಂದು ಮೂಲೆಯನ್ನು ಗುಡಿಸಲೇಬಾರದು. ಅಲ್ಲಿನ ಸಸಿ ಎದೆಯೆತ್ತರ ಆಗುವ ತನಕ ಬಿಡಬೇಕು.

ಇನ್ನು ಈ ಹಳೇ ಮರ. ಒಳಗೆ ಪೊಟರೆ, ನಾಟಾಕ್ಕೆ ಬರುವುದಿಲ್ಲ, ಸೊಪ್ಪೂ ಜಾಸ್ತಿ ಇಲ್ಲ. ಸೌದೆಗೆ ಅಂತ ಮೊದಲು ಕಣ್ಣು ಬೀಳುವುದು ಇಂಥ ಮರದ ಮೇಲೇ. ದಯವಿಟ್ಟು ಬಿಟ್ಟುಬಿಡಿ. ಮಂಗಟ್ಟೆ ಹಕ್ಕಿಗೆ (ಹಾರ್ನ್‌ಬಿಲ್) ಮರಕುಟಿಗನ ಹಾಗೆ ಮರ ಕೊರೆಯಲು ಬರುವುದಿಲ್ಲ. ಗೂಡಿಗೆ ಆಗಲೇ ಇರುವ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಡುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಲ್ಲೇ ಹಣ್ಣು ಕೊಡಬೇಕು. ಅದಕ್ಕೆ ಅತ್ತಿ, ಬಸರಿ, ಗೋಳಿಯಂಥ ಹಣ್ಣಿನ ಮರ ಹತ್ತಿರದಲ್ಲೇ ಇರಬೇಕು. ದಾಂಡೇಲಿ ಕಡೆ 2011ರಲ್ಲಿ ಈ ಹಕ್ಕಿಗಳಿಗೆಂದೇ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ಬಹಳ ಒಳ್ಳೆಯದಾಯಿತು. ಆದರೆ ಮಂಗಟ್ಟೆ ಅಲ್ಲಿ ಮಾತ್ರ ಇಲ್ಲ, ಇಂಥ ಬೆಟ್ಟಗಳಿಗೂ ಬರುತ್ತದೆ. ಪೊಟರೆ ಮರ ಒಂದು ಹೋದರೆ ಇನ್ನೊಂದು ತಯಾರಾಗಲು ನಮ್ಮ ಆಯುಷ್ಯ ಸಾಲುವುದಿಲ್ಲ.

ಖಾಲಿ ಜಾಗ ಕಂಡರೆ ಅಕೇಶಿಯಾ ಹಾಕಬೇಡಿ. ಅದರ ಎಲೆ ಬೇಗ ಕೊಳೆಯುವುದೂ ಇಲ್ಲ. ಮಳೆ ಶುರುವಾಗುವಾಗ ಬಸರಿಯದ್ದೋ ಗೋಳಿಯದ್ದೋ ಒಂದು ದಪ್ಪ ಗೆಲ್ಲು ತಂದು ನೆಡಿ, ಬೇರು ಬಿಡುತ್ತದೆ. ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟುವುದನ್ನು ಮಾತ್ರ ಮರೆಯಬೇಡಿ.