ಅಪ್ಪನಿಗೆ ಕೋಟು ಹಾಕಿಸಿದ ಸ್ಟುಡಿಯೋ

ಇದು ನಮ್ಮ ಬಳ್ಳಾರಿ, ರಾಯಲ್ ಸರ್ಕಲ್. ಬೆಳಿಗ್ಗೆ ಒಂಬತ್ತೂವರೆಗೇ ಈ ಬಿಸಿಲು. ನಾಳೆ ಅಪ್ಪನ ವರ್ಷದ ತಿಥಿ. ಹೂವು, ಬೆಲ್ಲ, ಬಾಳೆಎಲೆ ತಂದದ್ದೆಲ್ಲ ಈ ವಿಡಿಯೋದಲ್ಲಿ ನೋಡುತ್ತಿದ್ದೀರಿ, ಅದನ್ನು ಬಾಯಲ್ಲಿ ಬೇರೆ ಹೇಳುವುದಿಲ್ಲ.

ಅಪ್ಪ ತಿಂಗಳಿಗೊಮ್ಮೆ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿನ ಹೆಡ್ ಆಫೀಸಿಗೆ ಹೋಗುತ್ತಿದ್ದರು. ವಾಪಸ್ ಬರುವಾಗ ವಗ್ಗಾಣಿ, ಅಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ ಕಟ್ಟಿಸಿಕೊಂಡೇ ಮನೆಗೆ. ಬೆಂಗಳೂರಿನ ಸ್ವೀಟ್ ತರಬಹುದಿತ್ತು, ಅಲ್ವಾ? ಇಲ್ಲ, ವಗ್ಗಾಣಿಯೇ. ರಾಯಚೂರಿನವರು ಜಗಳಕ್ಕೆ ಬರಬೇಡಿ. ಮಿರ್ಚಿ ನಿಮ್ಮದೇ ಚೆನ್ನ, ಒಪ್ಪಿದೆ. ವಗ್ಗಾಣಿ ನಮ್ಮದು.

ಈಗ ಈ ಫೋಟೋ ನೋಡಿ. ಇದು ನಮ್ಮಪ್ಪ ಅಂತೆ! ಕಪ್ಪು ಕೋಟು, ಕೆಂಪು ಟೈ, ತಲೆ ತುಂಬ ಕಪ್ಪು ಕೂದಲು. ನಾನು ಕೊಟ್ಟದ್ದು ಅರ್ಧ ತೋಳಿನ ಬಿಳಿ ಅಂಗಿಯ ಫೋಟೋ. "ಮ್ಯಾನೇಜರ್ ಅಂದ್ರಲ್ಲ ಸರ್, ಅದಕ್ಕೇ ಕೋಟು ಹಾಕಿಸಿದೆ" ಎಂದ ಸ್ಟುಡಿಯೋದವನು. ಫ್ರೇಮಿಗೆ 1,100 ರೂಪಾಯಿ, ಎಡಿಟಿಂಗ್‌ಗೆ 700. ಯಾರೂ ಕೇಳದ ಕೋಟ್‌ಗೆ 700! ಆ ದುಡ್ಡಿಗೆ ಇಲ್ಲೇ ಹೊಲಿದ ಜೀನ್ಸ್ ಪ್ಯಾಂಟು ಬರುತ್ತದೆ, ಅದನ್ನು ತೊಡಬಹುದು ಕೂಡ. ಕೋಟು ತೆಗಿ ಅಂದರೆ, ತೆಗೆಯುವುದಕ್ಕೂ ಚಾರ್ಜ್ ಅಂತೆ. ಹಾಕಿದ್ದಕ್ಕೂ ದುಡ್ಡು, ತೆಗೆದಿದ್ದಕ್ಕೂ ದುಡ್ಡು. ಕೂದಲು ಮಾತ್ರ ಫ್ರೀ ಅಂತೆ.

ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಕೋಟು ಯಾರು ಹಾಕುತ್ತಾರೆ? ಅಪ್ಪ ಕಬ್ಬಿಣದ ಅದಿರಿನ ಕಂಪನಿಯಲ್ಲಿ ಕಮರ್ಷಿಯಲ್ ಮ್ಯಾನೇಜರ್. ಲಾರಿ, ಗೂಡ್ಸ್ ರೈಲಿನ ರೇಕು, ಬಂದರು, ಬಿಲ್ಲು, ದಿನವಿಡೀ ಇದೇ. ಸಂಡೂರಿನ ಗಣಿಗೆ ಹೋಗಿ ಬಂದರೆ ಬಿಳಿ ಅಂಗಿಯ ಕಾಲರ್ ಕೆಂಪು. ಅಮ್ಮ ಅದಕ್ಕೇ ಒಂದು ಬೇರೆ ಬಕೆಟ್ ಇಟ್ಟಿದ್ದರು. ಚೀನಾ 2008ರ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಕಾಲ, ಅದಿರಿನ ರೇಟು ಏರಿದ್ದೇ ಏರಿದ್ದು. ಊರಲ್ಲಿ ಕೆಲವರಿಗೆ ಹೆಲಿಕಾಪ್ಟರ್ ಬಂತು. ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂತು, ಅದೂ ಆ ಕಾಲರ್ ಕಾಟಕ್ಕೆ.

ಅವರು ರಿಟೈರ್ ಆದ ಮೇಲೆ, 2011ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಪ್ಪನ ಕೈಕೆಳಗಿದ್ದ ಹುಡುಗರೆಲ್ಲ ಮನೆಯಲ್ಲಿ ಕೂತರು. ಸುಮ್ನೆ ಪೇಪರ್ ಓದಿಕೊಂಡಿರಬೇಕಾದ ಮನುಷ್ಯ ಬೆಳಿಗ್ಗೆ ಎಂಟಕ್ಕೇ ಸ್ನಾನ ಮುಗಿಸಿ, ಹಳೆಯ ಡೈರಿ ತೆಗೆದು ಫೋನು ಶುರು ಮಾಡಿದರು. ಸ್ಟೀಲು, ಸಿಮೆಂಟು, ಟ್ರಾನ್ಸ್‌ಪೋರ್ಟು, ಗುರುತಿದ್ದವರಿಗೆಲ್ಲ. "ಹುಡುಗ ಲೆಕ್ಕದಲ್ಲಿ ಪಕ್ಕಾ" ಅನ್ನುವುದು ಒಳಗಿನ ರೂಮಿಗೂ ಕೇಳುತ್ತಿತ್ತು. ನನಗಾಗಿ ಮಾತ್ರ ಒಂದು ಫೋನೂ ಮಾಡಲಿಲ್ಲ. ಕೇಳಿದರೆ "ನೀನು ಅರ್ಜಿ ಹಾಕು" ಅಷ್ಟೇ. ಜಾಸ್ತಿ ದಿನ ಸಿಟ್ಟಿತ್ತು ನನಗೆ. ಈಗಲೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ.

ಮನೆ ಬಂತು. ಅಮ್ಮ ಫೋಟೋ ನೋಡುತ್ತಿದ್ದಾರೆ. ಬಿಳಿ ಅಂಗಿಯದ್ದೇ ಹಾಕಿಸೋಣ ಅಂದೆ. "ಮದುವೆಗೆ ಕೋಟು ಹಾಕಿ ಅಂದರೆ ಸೆಕೆ ಅಂದಿದ್ದರು. ಈಗ ಸಿಕ್ಕಿಬಿದ್ದರು, ಇರಲಿ ಬಿಡು" ಎಂದು ನಗುತ್ತಿದ್ದಾರೆ. ಸರಿ, ಕೋಟು ಅಷ್ಟೇನೂ ಕೆಟ್ಟದಾಗಿಲ್ಲ. ಟೈ ಮಾತ್ರ ದರಿದ್ರ.

ಒಂದು ನಿಮಿಷ, ಸ್ಟೀಲ್ ಕಾರ್ಖಾನೆ ಇರುವ ತೋರಣಗಲ್ಲಿನಿಂದ ಫೋನು. ಅಪ್ಪನ ಕೈಕೆಳಗಿದ್ದ ಆ ಹುಡುಗರು ನಾಳೆ ಗಾಡಿ ಮಾಡಿಕೊಂಡು ಬರುತ್ತಾರಂತೆ, ಹೆಂಡತಿ ಮಕ್ಕಳ ಸಮೇತ. ಹಾಗಾದರೆ ಎಲೆ ಸಾಲುವುದಿಲ್ಲ. ಆಟೋದವರೇ, ಹೋಗಬೇಡಿ, ಮತ್ತೆ ಮಾರ್ಕೆಟ್‌ಗೆ ಬಿಡಿ!