ಒಂದು ಟಿಕ್ ಹಾಕಿ, ವಾಲ್ಯೂಮ್ ಬಿಟ್ಟು ಕೂರಿ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನಲ್ಲಿ ಹಾಡು ಹಾಕಿಟ್ಟು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವವರಿಗೆ ಇವತ್ತಿನ ಮಾತು. ಒಂದು ಹಾಡು ಕೇಳಿಸುವುದೇ ಇಲ್ಲ. ಹಿಟ್ಟಿನ ಕೈಯಲ್ಲೇ ಹೋಗಿ ವಾಲ್ಯೂಮ್ ಏರಿಸಿ ಬರುತ್ತೀರಿ. ಲಟ್ಟಣಿಗೆ ಹಿಡಿಯುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿ ಪಕ್ಕದ ಮನೆಯವರೂ ಬೆಚ್ಚಿಬೀಳುವ ಹಾಗೆ ಬಡಿಯುತ್ತದೆ. ಮತ್ತೆ ಓಟ. ಹೌದು ಅಲ್ವಾ?

ಈ ಓಟ ಬೇಡ. ವಿಂಡೋಸ್ ಕಂಪ್ಯೂಟರಿನಲ್ಲಿ ಧ್ವನಿ ಹೊರಡಿಸುವ ಸೌಂಡ್ ಕಾರ್ಡ್‌ನ ಸೆಟ್ಟಿಂಗ್‌ನಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಅಂತ, ಹಾಡುಗಳ ಜೋರನ್ನು ಸಮ ಮಾಡುವ ಒಂದು ಸೌಲಭ್ಯ ಇದೆ. 2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗಿನಿಂದ ಇದೆ. ದುಡ್ಡು ಕೊಡಬೇಕಾಗಿಲ್ಲ, ಏನೂ ಇಳಿಸಿಕೊಳ್ಳಬೇಕಾಗಿಲ್ಲ. ಒಂದು ಟಿಕ್ ಹಾಕಬೇಕು, ಅಷ್ಟೇ. ನಾನು ಎಷ್ಟು ಮನೆಗೆ ಹೋದರೂ ಆ ಟಿಕ್ ಖಾಲಿಯಾಗೇ ಇರುತ್ತದೆ, ನೋಡಿ ಸಿಟ್ಟೇ ಬರುತ್ತದೆ!

ಆದರೆ ಸಿಟ್ಟು ಮಾಡುವ ಹಕ್ಕು ನನಗೂ ಇಲ್ಲ ಅನ್ನಿ. 2011ರಲ್ಲಿ ಸಾಗರದ ಹತ್ತಿರ ನನ್ನ ತಂಗಿಯ ಮನೆ ಗೃಹಪ್ರವೇಶ. ನಾನು ಸೌಂಡ್ ಕೆಲಸದವನು, ಹಾಗಾಗಿ "ಅಣ್ಣಾ, ಹಾಡಿನ ಕೆಲಸ ನಿಂದು" ಅಂದಳು. ಒಂದು ಲ್ಯಾಪ್‌ಟಾಪ್, ಚಪ್ಪರದಲ್ಲಿ ಎರಡು ಬಾಕ್ಸು. ಹಾಡುಗಳು ಮಾತ್ರ ನಾನಾ ಕಡೆಯವು. ಅವಳ ಮಾವನವರು ಹಳೇ ಕ್ಯಾಸೆಟ್‌ನಿಂದ ಇಳಿಸಿಕೊಂಡಿದ್ದ ದಾಸರ ಪದಗಳು ಒಂದಷ್ಟು, ಮಗ ತುಂಬಿದ್ದ ಹೊಸ ಸಿನಿಮಾ ಹಾಡು ಒಂದಷ್ಟು, ಮಧ್ಯೆ ಯಾರೋ ಕೊಟ್ಟ ನಾದಸ್ವರ. ದಾಸರ ಪದ ಕೆರೆಯ ಆಚೆ ದಡದಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು, ಅಂತ ನಾನು ವಾಲ್ಯೂಮನ್ನು ಚೆನ್ನಾಗಿ ಏರಿಸಿ, ಕಾಫಿಗೆ ಅಂತ ಹಿತ್ತಲಿಗೆ ಹೋದೆ. ಒಳಗೆ ಭಟ್ಟರು ಸಂಕಲ್ಪ ಹೇಳಿಸುತ್ತಿದ್ದರು. ಆಗ ಬಂತು ನೋಡಿ ಸಿನಿಮಾ ಹಾಡು, ತಮಟೆ ಸಮೇತ! ಭಟ್ಟರು ಗೋತ್ರವನ್ನೇ ಮರೆತು ನಿಂತರು. ತಂಗಿ ನನ್ನ ಕಡೆ ನೋಡಿದ ನೋಟ ಇವತ್ತಿಗೂ ನೆನಪಿದೆ.

ಆಮೇಲೆ ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಲ್ಯಾಪ್‌ಟಾಪ್ ಪಕ್ಕದಲ್ಲೇ ಕೂತೆ. ಪ್ರತಿ ಹಾಡಿಗೂ ಏರಿಸು, ಇಳಿಸು. ಮೊದಲ ಪಂಕ್ತಿ ಎದ್ದಿತು, ಎರಡನೆಯದು ಎದ್ದಿತು, ನಾನು ಏಳಲಿಲ್ಲ. ಕೊನೇ ಪಂಕ್ತಿಗೆ ಹೋಗಿ ಕೂತಾಗ ಹೋಳಿಗೆ ಖಾಲಿ. ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಮಾತ್ರ ಧಾರಾಳವಾಗಿತ್ತು. ಸಂಜೆ ಎಸ್ಎಸ್ಎಲ್‌ಸಿ ಓದುತ್ತಿದ್ದ ಅಳಿಯ ಬಂದು, "ಮಾವ, ಇದಕ್ಕೊಂದು ಟಿಕ್ ಇದೆಯಲ್ಲ, ಯಾಕೆ ಹಾಕಿಲ್ಲ?" ಅಂದ. ಅರ್ಧ ನಿಮಿಷದ ಕೆಲಸ. ವರ್ಷಗಟ್ಟಲೆ ಸೌಂಡ್ ಮಿಕ್ಸರ್ ಮುಂದೆ ಕೂತು, ಧ್ವನಿ ಏರಿಳಿಸುವ ಫೇಡರ್ ಆಡಿಸಿದವನು ನಾನು!

ಆ ಟಿಕ್ ಏನು ಮಾಡುತ್ತದೆ ಅಂದರೆ, ಆವತ್ತು ನಾನು ಮಾಡಿದ್ದನ್ನೇ. ಹಾಡನ್ನು ಕೇಳುತ್ತಾ ಕೂರುತ್ತದೆ, ಸಣ್ಣಗಾದರೆ ಏರಿಸುತ್ತದೆ, ಜೋರಾದರೆ ಇಳಿಸುತ್ತದೆ. ಅದಕ್ಕೆ ಹೋಳಿಗೆ ಬೇಡ, ಅಷ್ಟೇ ವ್ಯತ್ಯಾಸ.

ಹಾಡುಗಳು ಒಂದೇ ಮಟ್ಟಕ್ಕೆ ಯಾಕೆ ಇರುವುದಿಲ್ಲ ಅಂತ ಕೇಳುತ್ತೀರಿ. ಡಿಜಿಟಲ್ ಧ್ವನಿಗೆ ಒಂದು ಸೂರು ಇದೆ, ಅದರ ಮೇಲೆ ಹೋಗುವ ಹಾಗಿಲ್ಲ. ಹಳೇ ರೆಕಾರ್ಡಿಂಗ್‌ಗಳಲ್ಲಿ ಎಲ್ಲೋ ಒಂದು ಕಡೆ ಮಾತ್ರ ಧ್ವನಿ ಸೂರು ಮುಟ್ಟುತ್ತದೆ, ಉಳಿದದ್ದು ಕೆಳಗೆ ಆರಾಮಾಗಿ ಓಡಾಡಿಕೊಂಡಿರುತ್ತದೆ. 1990ರ ದಶಕದಿಂದ ಈಚೆಗೆ, ನಮ್ಮ ಹಾಡೇ ಜೋರಾಗಿ ಕೇಳಬೇಕು ಅಂತ ಪೈಪೋಟಿಗೆ ಬಿದ್ದು, ಮೆಲ್ಲಗಿನ ಜಾಗಗಳನ್ನೂ ಸೂರಿನವರೆಗೆ ಒತ್ತಿ ತುಂಬಿದರು. ಧ್ವನಿ ಅತಿ ಜೋರಾಗುವ ತುದಿಗಳು ಹಳೇ ಹಾಡು, ಹೊಸ ಹಾಡು ಎರಡರಲ್ಲೂ ಸಮ, ಆದರೆ ಕಿವಿ ತುದಿಯನ್ನು ಅಳೆಯುವುದಿಲ್ಲ, ಒಟ್ಟು ತುಂಬಿದ್ದನ್ನು ಅಳೆಯುತ್ತದೆ. ತುದಿ ಸಮ ಮಾಡಿಕೊಡುವ ಸಾಫ್ಟ್‌ವೇರ್ ಹಾಕಿಕೊಂಡು "ಏನೂ ಆಗಲಿಲ್ಲ ಸರ್" ಅಂತ ಬರುವವರಿಗೆ ನಾನು ಹೇಳುವುದೂ ಇದನ್ನೇ: ಟಿಕ್ ಹಾಕಿ.

ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆ. ಪೆನ್ನು ತಗೊಳ್ಳಿ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಎಂ ಎಂ ಎಸ್ ವೈ ಎಸ್, ಒಂದು ಚುಕ್ಕೆ, ಸಿ ಪಿ ಎಲ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಪ್ಲೇಬ್ಯಾಕ್‌ನಲ್ಲಿ ಹಸಿರು ಗುರುತು ಇರುವ ಸ್ಪೀಕರ್ ಆರಿಸಿ, ಪ್ರಾಪರ್ಟೀಸ್‌ಗೆ ಹೋಗಿ, ಎನ್‌ಹಾನ್ಸ್‌ಮೆಂಟ್ಸ್ ತೆರೆಯಿರಿ, ಲೌಡ್‌ನೆಸ್ ಈಕ್ವಲೈಸೇಶನ್‌ಗೆ ಟಿಕ್ ಹಾಕಿ. ಆ ಟ್ಯಾಬ್ ಕಾಣದಿದ್ದರೆ ಸೌಂಡ್ ಕಾರ್ಡಿನವರದೇ ಆಪ್‌ನಲ್ಲಿ ಹುಡುಕಿ. ಸೌಂಡ್ ಬ್ಲಾಸ್ಟರ್ ಕಂಪನಿಯ ಹೆಸರಿನ ಕಾರ್ಡ್ ಇದ್ದರೆ ಸ್ಮಾರ್ಟ್ ವಾಲ್ಯೂಮ್ ಅನ್ನೋದನ್ನು ನೋಡಿ.

ಹಾಡು ಉಬ್ಬಸ ಬಂದವರ ಹಾಗೆ ಉಬ್ಬಿ ತಗ್ಗುತ್ತಿದ್ದರೆ ಅಲ್ಲೇ ಸೆಟ್ಟಿಂಗ್ಸ್ ಒತ್ತಿ ರಿಲೀಸ್ ಟೈಮ್, ಅಂದರೆ ಇಳಿಸಿದ ಧ್ವನಿಯನ್ನು ಮತ್ತೆ ಏರಿಸಲು ಹಿಡಿಯುವ ಸಮಯ, ಜಾಸ್ತಿ ಮಾಡಿ. ಸಂಗೀತ ಕಚೇರಿ ಕೇಳುವಾಗ ಮಾತ್ರ ಟಿಕ್ ತೆಗೆಯಿರಿ, ದಯವಿಟ್ಟು. ಗಾಯಕರು ಬೇಕಂತಲೇ ಮೆಲ್ಲಗೆ ಶುರು ಮಾಡಿದ ಆಲಾಪವನ್ನು ಇದು ಎತ್ತಿ ತಂಬೂರಿಯನ್ನು ಜೇನುಗೂಡು ಮಾಡಿಬಿಡುತ್ತದೆ. ಹಾಡಿನ ಕಡತಕ್ಕೇ ಅದರ ಜೋರಿನ ಅಳತೆ ಬರೆದಿಡುವ ರೀಪ್ಲೇಗೇನ್ ಅನ್ನೋ ವಿಧಾನ ಇನ್ನೂ ಚಂದ, ಅದನ್ನು ಹೇಳುವುದಕ್ಕೆ ಸಮಯ ಇಲ್ಲ. ಹೆಡ್‌ಫೋನಿಗೆ ಬೇರೆ ಟಿಕ್, ಸ್ಪೀಕರಿಗೆ ಹಾಕಿದ್ದು ಅದಕ್ಕೆ ಬರುವುದಿಲ್ಲ. ಮತ್ತೆ, ಟಿಕ್ ಹಾಕಿದ ಮೇಲೆ ಅಪ್ಲೈ ಒತ್ತಿ. ನನ್ನ ತಂಗಿ ಅದನ್ನು ಒತ್ತದೆ ನನಗೆ ಎರಡು ಸಲ ಫೋನ್ ಮಾಡಿ ಬೈದಿದ್ದಾಳೆ. ನಮಸ್ಕಾರ.